ಎರಡು ವಿಷಯದ ಹುಡುಗಿ

ಫ್ಲಾಸ್ಕಿನ ಕುತ್ತಿಗೆ ಹಿಡಿದು ಮೆಲ್ಲಗೆ ತಿರುಗಿಸುತ್ತಿದ್ದಾಗ ಅವಳಿಗೆ ಮತ್ತೆ ಅದೇ ಸಂತೋಷವಾಯಿತು. ಆದ ಕೂಡಲೇ, ಯಾರಾದರೂ ನೋಡಿದರೇನೋ ಎಂದು ತಲೆಯೆತ್ತಿದಳು. ಯಾರೂ ನೋಡಿರಲಿಲ್ಲ. ಲ್ಯಾಬಿನ ಪಕ್ಕದ ಮೇಜಿನವರು ಬ್ಯುರೆಟ್ಟಿನ ಗಾಜಿನ ಕೊಳವೆ ತೊಳೆಯುತ್ತ ಯಾರದೋ ಮದುವೆ ಮುರಿದ ಸುದ್ದಿ ಮಾತಾಡಿಕೊಳ್ಳುತ್ತಿದ್ದರು. ಅವಳ ಬ್ಯುರೆಟ್ಟಿನ ತುದಿಯಿಂದ ಇನ್ನೊಂದು ತೊಟ್ಟು ಬಿತ್ತು. ಬಿದ್ದಲ್ಲಿ ಗುಲಾಬಿ ಬಣ್ಣ ಅರಳಿ, ಫ್ಲಾಸ್ಕು ತಿರುಗಿಸಿದಂತೆ ಮಾಯವಾಯಿತು. ಇನ್ನು ಅವಸರ ಮಾಡುವಂತಿಲ್ಲ. ಹತ್ತಿರ ಬಂದಿದೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ಗೊತ್ತಾಗುತ್ತಿತ್ತು. ನಲ್ಲಿಯನ್ನು ಕೂದಲೆಳೆಯಷ್ಟು ಸರಿಸಿದಳು. ಅರ್ಧ ತೊಟ್ಟು ತುದಿಯಲ್ಲಿ ತೂಗಿತು, ಬೀಳಲಿಲ್ಲ. ಅದನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ ಒಳಕ್ಕೆ ಇಳಿಸಿದಳು. ಬಣ್ಣ ನಿಂತಿತು. ಬಿಳಿ ಟೈಲಿನ ಮೇಲಿಟ್ಟು ನೋಡಿದರೆ ಇದೆಯೋ ಇಲ್ಲವೋ ಎನ್ನುವಷ್ಟು ತೆಳುವಾದ ಗುಲಾಬಿ. ಇದರ ಬಗ್ಗೆ ಯಾರ ಅಭಿಪ್ರಾಯವೂ ಬೇಕಿಲ್ಲ, ಅವಳದ್ದೂ ಬೇಕಿಲ್ಲ. ತನಗೆ ಇದು ಇಷ್ಟ ಎಂದು ಗೊತ್ತಾಗಿ ಬಹಳ ಕಾಲವಾಗಿತ್ತು. ಆ ಇಷ್ಟವನ್ನು ಕದ್ದ ಮಾಲಿನಂತೆ ಮುಚ್ಚಿಟ್ಟುಕೊಂಡು ಓಡಾಡುತ್ತಿದ್ದಳು.

ಯಾಕೆಂದರೆ ಕೆಮಿಸ್ಟ್ರಿ ಅಪ್ಪ ಆರಿಸಿದ ವಿಷಯ. ಅವಳು ಆರಿಸಿದ್ದು ಫಿಲಾಸಫಿ. ಆರಿಸಿದ್ದು ಎಂದರೆ ಸಾಲದು. ಅದಕ್ಕಾಗಿ ಅವಳು ಮನೆಯನ್ನೇ ರಣರಂಗ ಮಾಡಿದ್ದಳು. ಊಟದ ತಟ್ಟೆಯನ್ನು ದೂರ ತಳ್ಳಿ, ಮಾತು ಬಿಟ್ಟು, ಅಮ್ಮನ ಕೈಯಲ್ಲಿ ಕಣ್ಣೀರು ಹಾಕಿಸಿ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವಂತೆ ಎಂದು ಅಪ್ಪ ಆಡಿಕೊಂಡ. ಡ್ರೈವಿಂಗ್ ಸ್ಕೂಲ್ ನಡೆಸುವವನ ಮಗಳು ಕಾರ್ಖಾನೆಯೊಂದರ ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿಕೊಂಡು ನಿಂತರೆ ಸಾಕು, ಆತ್ಮ ಎಲ್ಲಿದೆ ಎಂದು ಹುಡುಕುವ ಕೆಲಸಕ್ಕೆ ಯಾರೂ ಸಂಬಳ ಕೊಡುವುದಿಲ್ಲ ಎಂದ. ಕೊನೆಗೆ ಅತ್ತೆ ಬಂದು, ಈಗ ಕಾಲೇಜಿನಲ್ಲಿ ಎರಡನ್ನೂ ಮುಖ್ಯ ವಿಷಯವಾಗಿ ಓದಬಹುದಂತೆ, ಅಣ್ಣನದೂ ಆಯಿತು ಮಗಳದೂ ಆಯಿತು ಎಂದು ರಾಜಿ ಮಾಡಿಸಿದಳು. ಎರಡು ದೋಣಿಯಲ್ಲಿ ಕಾಲಿಟ್ಟವರು ನೀರಿಗೇ ಬೀಳೋದು ಎಂದು ಅಪ್ಪ ಗೊಣಗಿದಾಗ ಅವಳು ಎದ್ದು ನಿಂತಳು. ಅಂದು ಗೋಡೆಯ ಯಾವ ಕಲೆಯನ್ನು ನೋಡುತ್ತ ಮಾತಾಡಿದೆ ಎಂಬುದೂ ಅವಳಿಗೆ ನೆನಪಿದೆ. "ಕೆಮಿಸ್ಟ್ರಿ ನಿನಗೋಸ್ಕರ ಓದ್ತೀನಿ ಅಪ್ಪ, ಫಿಲಾಸಫಿ ನನಗೋಸ್ಕರ," ಎಂದಿದ್ದಳು. ಅತ್ತೆಯ ಕಣ್ಣು ಒದ್ದೆಯಾಯಿತು. ಅಪ್ಪ ಎದ್ದುಹೋಗಿ ಹೊರಗೆ ಕಾರು ಒರೆಸಿದ. ಅಂಥ ಮಾತನ್ನು ಒಮ್ಮೆ ಆಡಿದ ಮೇಲೆ ಮನುಷ್ಯರು ಅದರೊಳಗೇ ವಾಸ ಮಾಡಬೇಕಾಗುತ್ತದೆ.

"ನೋಡಿದ್ಯಾ ಬಣ್ಣ? ಇದು ಕೈ," ಎಂದು ಹಿಂದಿನಿಂದ ಲ್ಯಾಬಿನ ಮೇಷ್ಟ್ರು ಹೇಳಿದರು. ಹೊಗಳಿದ ಮೇಲೆ ಅದನ್ನು ಸರಿದೂಗಿಸುವಂತೆ ಚುಚ್ಚುವುದು ಅವರ ಅಭ್ಯಾಸ. ಆ ಫಿಲಾಸಫಿ ಕಟ್ಟಡದವರ ಜೊತೆ ಕೂತು ಕೂತು ಈ ಕೈ ಹಾಳಾಗುತ್ತದೆ ಎಂದರು. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ಕೊನೆಯ ವರ್ಷ ಪೂರ್ತಿ ಮಧ್ಯಾಹ್ನ ಕೆಲಸ ಕಲಿಯಲು ಒಬ್ಬರಿಗೆ ಜಾಗವಿದೆ, ಓದು ಮುಗಿದ ಮೇಲೆ ಅಲ್ಲೇ ಉಳಿಯಲೂಬಹುದು, ಅವಳ ಹೆಸರನ್ನೇ ಸೂಚಿಸಬೇಕೆಂದು ಮೇಷ್ಟ್ರ ಯೋಚನೆ. ಆದರೆ ಫಿಲಾಸಫಿಯ ತರಗತಿಗಳೆಲ್ಲ ಮಧ್ಯಾಹ್ನವೇ. ಇದನ್ನು ಅವರು ಹೋದ ವಾರವೂ ಹೇಳಿದ್ದರು. ಇಂದು ಸಂಜೆಯೊಳಗೆ ಉತ್ತರ ಬೇಕು, ಇಲ್ಲವಾದರೆ ಬೇರೆಯವರಿಗೆ ಕೊಡುತ್ತೇನೆ ಎಂದರು. ಹೇಳಿ, ಪಕ್ಕದ ಮೇಜಿನವರು ಮುರಿಯಲಿದ್ದ ಬ್ಯುರೆಟ್ಟಿನ ಕಡೆಗೆ ಓಡಿದರು. ಅವಳು ಕೋಟು ಬಿಚ್ಚಿ ಮಡಿಸಿದಳು. ಈ ಕಟ್ಟಡದಲ್ಲಿ ಅವಳು ಆ ಕಟ್ಟಡದವಳು. ಗುಂಪಿನಲ್ಲಿ ಯಾವುದಾದರೂ ಅರ್ಥವಾಗದ ಜೋಕು ಬಂದರೆ, ಇವಳನ್ನ ಕೇಳು, ಫಿಲಾಸಫಿ ಅಲ್ವಾ, ಬಿಡಿಸಿ ಹೇಳ್ತಾಳೆ ಎನ್ನುತ್ತಾರೆ. ಆ ಕಟ್ಟಡದಲ್ಲಿ ಮೇಜಿನ ಮೇಲೆ ಏನಾದರೂ ಚೆಲ್ಲಿದರೆ ಅವಳನ್ನು ಕರೆಯುತ್ತಾರೆ, ಯಾವುದರಿಂದ ಒರೆಸಿದರೆ ಕಲೆ ಹೋಗುತ್ತದೆ ಎಂದು ಕೇಳಲು. ಎರಡು ಮನೆಯ ನೆಂಟ ಉಪವಾಸ ಬಿದ್ದ ಎಂದು ಅತ್ತೆ ಹೇಳಬಹುದಾಗಿತ್ತು. ಆದರೆ ರಾಜಿ ಮಾಡಿಸಿದವಳು ಅತ್ತೆಯೇ ಆದ್ದರಿಂದ ಅವಳು ಹೇಳುವುದಿಲ್ಲ.

ಎರಡು ಕಟ್ಟಡಗಳ ನಡುವೆ ಒಂದು ರಸ್ತೆ. ಅದನ್ನು ದಾಟಲು ನಿಂತಾಗ ಅವಳ ಕಣ್ಣು ತಾನಾಗಿಯೇ ನೆತ್ತಿಯ ಮೇಲೆ ಹಳದಿ ಬೋರ್ಡು ಹೊತ್ತ ಬಿಳಿ ಕಾರನ್ನು ಹುಡುಕುತ್ತದೆ. ಅಪ್ಪನ ಕಾರು ಈ ಊರಿನಲ್ಲಿ ಯಾವ ತಿರುವಿನಲ್ಲಿ ಬೇಕಾದರೂ ಎದುರಾಗಬಹುದು, ಅದೂ ನಡೆದುಹೋಗುವವರಿಗಿಂತ ನಿಧಾನವಾಗಿ. ಸ್ಟೀರಿಂಗ್ ಹಿಡಿದವರ ಬಿಳಿಚಿದ ಮುಖ, ಪಕ್ಕದಲ್ಲಿ ಆರಾಮವಾಗಿ ಕೂತ ಅಪ್ಪ. ಅವನ ಕಾಲಡಿಯಲ್ಲಿ ಇನ್ನೊಂದು ಬ್ರೇಕು ಇರುವುದು ಹೊರಗಿನವರಿಗೆ ಕಾಣಿಸುವುದಿಲ್ಲ. ಕಾರಿನೊಳಗೆ ಕೂತವರು ಓಡಿಹೋಗುವಂತಿಲ್ಲ, ಕಿವಿ ಮುಚ್ಚಿಕೊಳ್ಳುವಂತಿಲ್ಲ, ಎರಡೂ ಕೈ ಸ್ಟೀರಿಂಗಿನ ಮೇಲಿರಬೇಕು. ಅಂಥವರಿಗೆ ಅಪ್ಪ ಮಗಳ ವಿಷಯ ಹೇಳುತ್ತಾನೆ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದುಕೊಂಡು ಅವರು ಕೇಳಿಸಿಕೊಳ್ಳುತ್ತಾರೆ, ಲೈಸೆನ್ಸು ಸಿಗಬೇಕಲ್ಲ. ಹೀಗೆ ಊರಿನಲ್ಲಿ ಗಾಡಿ ಓಡಿಸಲು ಬಂದವರಿಗೆಲ್ಲ ಅವಳು ಎರಡೆರಡು ಓದುತ್ತಿರುವುದು ಗೊತ್ತು. ಔಷಧದ ಅಂಗಡಿಯವನು ಚೀಟಿ ನೋಡುತ್ತ, ನೀವು ಆ ಎರಡು ವಿಷಯದ ಹುಡುಗಿ ಅಲ್ವಾ ಎಂದ. ಹಲ್ಲಿನ ಡಾಕ್ಟರು ಅವಳ ಬಾಯೊಳಗೆ ಕನ್ನಡಿ ಇಟ್ಟುಕೊಂಡೇ, ಕಷ್ಟ ಆಗಲ್ವಾ ಎಂದು ಕೇಳಿದರು. ಅವಳು ಬಾಯಿ ತೆರೆದುಕೊಂಡೇ ಇಲ್ಲವೆಂದು ತಲೆಯಾಡಿಸಿದಳು.

ಅಪ್ಪ ಬದಲಾಗಿದ್ದು ಯಾವಾಗ ಎಂದು ಅವಳಿಗೆ ಸರಿಯಾಗಿ ಗೊತ್ತಿಲ್ಲ. ಮೊದಮೊದಲು ಊಟದ ಹೊತ್ತಿಗೆ ವ್ಯಂಗ್ಯವಾಗಿಯೇ ಕೇಳುತ್ತಿದ್ದ: ಏನಂದ್ರು ಇವತ್ತು, ಸಿಕ್ತಂತಾ ಆತ್ಮ? ಅವಳು ಹಠಕ್ಕೆ ಬಿದ್ದು ಅಂದಿನ ಪಾಠವನ್ನು ಬಿಡಿಸಿ ಹೇಳುತ್ತಿದ್ದಳು. ನದಿಯೊಂದೇ, ಆದರೆ ನೀರು ಅದೇ ಅಲ್ಲ ಎಂಬ ಹಳೆಯ ತರ್ಕ. ಹಲಗೆಗಳನ್ನೆಲ್ಲ ಒಂದೊಂದಾಗಿ ಬದಲಾಯಿಸಿದ ಹಡಗು ಅದೇ ಹಡಗೇ ಎಂಬ ಪ್ರಶ್ನೆ. ಹಡಗಿನ ಮಾತು ಬಂದ ದಿನ ಅಪ್ಪನ ಕೈ ತಟ್ಟೆಯ ಮೇಲೇ ನಿಂತಿತು. ಕ್ಲಚ್ಚು, ಬಾಗಿಲು, ಕೊನೆಗೆ ಎಂಜಿನನ್ನೂ ಬದಲಾಯಿಸಿದ್ದ ಹಳೆಯ ಕಾರಿನ ಬಗ್ಗೆ ಯೋಚಿಸುತ್ತಿದ್ದನಂತೆ. ಮರುದಿನ ಬೆಳಿಗ್ಗೆ ಹಲ್ಲುಜ್ಜುತ್ತ ಬಂದು, ಅದೇ ಕಾರು ಕಣೇ, ಯಾಕಂದ್ರೆ ನಾನು ಅದನ್ನ ಅದೇ ಅಂತ ಕರೀತಿದ್ದೆ ಎಂದ. ಅಂದಿನಿಂದ ವ್ಯಂಗ್ಯ ಹೋಯಿತು, ಪ್ರಶ್ನೆ ಉಳಿಯಿತು. ಪ್ರತಿ ಸಂಜೆ, ಏನಂದ್ರು ಇವತ್ತು? ಕೆಮಿಸ್ಟ್ರಿಯ ಬಗ್ಗೆ ಅವನು ಒಂದು ದಿನವೂ ಕೇಳಲಿಲ್ಲ; ಅದು ಗೆದ್ದ ಆಸ್ತಿ, ಅದರ ಕಡೆ ಮತ್ತೆ ನೋಡುವ ಅಗತ್ಯ ಕಾಣಲಿಲ್ಲವೇನೋ. ಶಾಲೆಯನ್ನು ಅರ್ಧಕ್ಕೆ ಬಿಟ್ಟು ಲಾರಿ ಹತ್ತಿದ್ದ ಅಪ್ಪ ಮಗಳ ಮುಂದೆ ಕೂತು ಪಾಠ ಕೇಳುತ್ತಿದ್ದಾನೆ ಎಂದು ಅಮ್ಮ ಫೋನಿನಲ್ಲಿ ಅತ್ತೆಗೆ ಹೇಳುವುದನ್ನು ಅವಳು ಕೇಳಿಸಿಕೊಂಡಿದ್ದಳು. ಅಮ್ಮನ ದನಿಯಲ್ಲಿ ನೆಮ್ಮದಿಯಿತ್ತು. ಅದೇ ಹೊತ್ತಿಗೆ ಅವಳಿಗೆ ಫಿಲಾಸಫಿ ಬೇಸರವಾಗಲು ಶುರುವಾಗಿತ್ತು.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಲೈಬ್ರರಿಯ ಮೂಲೆಯಲ್ಲಿ ಒಬ್ಬಳೇ ಓದಿದಾಗ ಮೈ ಝುಮ್ಮೆಂದ ವಿಷಯಗಳೇ ತರಗತಿಯಲ್ಲಿ ಗಂಟೆಗಟ್ಟಲೆ ಅಗಿದು ಅಗಿದು ಸಪ್ಪೆಯಾಗುತ್ತಿದ್ದವು. ಅವಳು ಬೇಗ ಬೇಗ ತೀರ್ಮಾನಕ್ಕೆ ಬರುತ್ತಿದ್ದಳು. ಫಿಲಾಸಫಿಯ ಮೇಡಂ ಕನ್ನಡಕ ತೆಗೆದು, ನಿಂಗೆ ಉತ್ತರದ ಅವಸರ ಜಾಸ್ತಿ ಎನ್ನುತ್ತಿದ್ದರು. ತಪ್ಪು ಉತ್ತರ ಎಂದಿದ್ದರೆ ಅವಳು ಸಹಿಸುತ್ತಿದ್ದಳು. ಕಿಟಕಿಯ ಪಕ್ಕ ಕೂರುವ ಹುಡುಗನೊಬ್ಬ ಏನೂ ತೀರ್ಮಾನಿಸದೆ ಹತ್ತು ನಿಮಿಷ ಮಾತಾಡುತ್ತಿದ್ದ, ಎಲ್ಲರೂ ತಲೆದೂಗುತ್ತಿದ್ದರು. ಅವನನ್ನು ನೋಡುವಾಗೆಲ್ಲ ಅವಳಿಗೆ ಅಸೂಯೆಗಿಂತ ಹೆಚ್ಚಾಗಿ ನಾಚಿಕೆಯಾಗುತ್ತಿತ್ತು: ಅವನಿಗೆ ಇದು ಬೇಕು, ತನಗೆ ಬೇಕಾಗಿದ್ದುದು ಬರೀ ಗೆಲುವು. ಒಂದು ಮಧ್ಯಾಹ್ನ ಲ್ಯಾಬಿನಲ್ಲಿ ತೊಟ್ಟಿಕ್ಕಿಸುವ ಟೈಟ್ರೇಶನ್ ಮುಗಿಸುವ ನೆಪದಲ್ಲಿ ತರಗತಿ ತಪ್ಪಿಸಿದಳು. ಆಮೇಲೆ ನೆಪವಿಲ್ಲದೆ ತಪ್ಪಿಸಿದಳು. ಆದರೆ ಸಂಜೆಯ ಪ್ರಶ್ನೆ ತಪ್ಪಲಿಲ್ಲ. ಅಪ್ಪ ಕೈ ತೊಳೆದು ಬಂದು ಕೂತು ಕಾಯುತ್ತಿದ್ದ. ಬಿಸಿ ತುಪ್ಪ ಗಂಟಲಲ್ಲಿ ಇಟ್ಟುಕೊಂಡವಳಂತೆ ಅವಳು ತಟ್ಟೆಯಲ್ಲಿ ಬೆರಳಾಡಿಸಿ, ಬಾಯಿಗೆ ಬಂದದ್ದನ್ನು ಹೇಳಿದಳು: ಹೆದರಿಕೆ ಅಂದರೆ ಇನ್ನೂ ಬಾರದ ತಿರುವನ್ನು ಈಗಲೇ ತಿರುಗಿಸುವುದು. ಯಾರಂದಿದ್ದು ಎಂದು ಅಪ್ಪ ಕೇಳಿದ. ಒಬ್ಬ ಹಳೇ ಕಾಲದವನು ಎಂದಳು. ಅಪ್ಪ ಕಣ್ಣು ಮುಚ್ಚಿ ಆ ಮಾತನ್ನು ಮೆಲ್ಲಗೆ ಇನ್ನೊಮ್ಮೆ ಹೇಳಿಕೊಂಡ. ಆ ದಿನದಿಂದ ಹಳೇ ಕಾಲದವನು ಸಂಜೆಗೊಂದು ಮಾತು ಹೇಳತೊಡಗಿದ, ಮತ್ತು ಮರುದಿನ ಊರಿನ ತಿರುವು ತಿರುವಿನಲ್ಲಿ ಆ ಮಾತು ಓಡಾಡತೊಡಗಿತು.

ಮೇಡಂ ಅವರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಅವರು ಒಬ್ಬರೇ ಕೂತು, ಮೇಜಿನ ಮೇಲೆ ರಬ್ಬರು, ಪೆನ್ನು, ಟೀ ಕಪ್ಪುಗಳನ್ನು ಸಾಲಾಗಿಟ್ಟು ಅವುಗಳ ನಡುವೆ ಒಂದು ಸೀಮೆಸುಣ್ಣದ ತುಂಡನ್ನು ಹಿಂದಕ್ಕೆ ಮುಂದಕ್ಕೆ ಸರಿಸುತ್ತಿದ್ದರು. ಅವಳನ್ನು ಕಂಡು ಕೈ ಹಿಂತೆಗೆದುಕೊಂಡರು. ದಾರಿಯುದ್ದಕ್ಕೂ ಅವಳು ಮಾತು ಜೋಡಿಸಿಕೊಂಡು ಬಂದಿದ್ದಳು: ಪ್ರಯೋಗಾಲಯದ ಅವಕಾಶ, ಮಧ್ಯಾಹ್ನದ ಸಮಯ, ಅತ್ತ ದರಿ ಇತ್ತ ಪುಲಿ. ಬಿಡುತ್ತಿರುವುದು ವಿಧಿಯಿಲ್ಲದೆ ಎಂದು ತೋರಬೇಕಿತ್ತು. ಮೇಡಂ ಸ್ವಲ್ಪವಾದರೂ ತಡೆಯಬೇಕೆಂದು, ಇನ್ನೊಮ್ಮೆ ಯೋಚಿಸು ಎನ್ನಬೇಕೆಂದು ಅವಳ ಮನಸ್ಸು ಒಳಗೊಳಗೇ ಬೇಡುತ್ತಿತ್ತು. ಎಲ್ಲ ಕೇಳಿ ಮೇಡಂ, "ಸರಿ," ಎಂದರು. ಆಫೀಸಿಗೆ ತಾವೇ ತಿಳಿಸುವುದಾಗಿ ಹೇಳಿದರು. ಅಷ್ಟೇ. ಬಾಡಿಗೆಯ ಮನೆ ಖಾಲಿ ಮಾಡುವಾಗಲೂ ಇದಕ್ಕಿಂತ ಹೆಚ್ಚು ಮಾತು ನಡೆಯುತ್ತದೆ. ಅವಳು ಏಳಲಾರದೆ ಕೂತು, ಹಾಗಾದರೆ ಎರಡೆರಡು ವಿಷಯ ಓದುವುದರಲ್ಲಿ ಅರ್ಥವೇ ಇಲ್ಲವೇ ಎಂದು ಕೇಳಿದಳು. ತನ್ನ ದನಿ ಜಗಳಕ್ಕೆ ಬಂದವಳ ದನಿಯಂತಿದೆ ಎನಿಸಿತು.

ಅವಳಿಗಿಂತ ಹಿಂದಿನವರಲ್ಲಿ ಎರಡನ್ನೂ ಓದಿ ಎರಡರಿಂದಲೂ ಉಂಡವರಿದ್ದಾರೆ ಎಂದರು ಮೇಡಂ. ಗಣಿತವನ್ನೂ ಸಂಗೀತವನ್ನೂ ಓದಿದ ಒಬ್ಬಳು ಈಗ ಸಭಾಂಗಣಗಳಿಗೆ ದನಿ ಹೊಂದಿಸುವ ಕೆಲಸ ಮಾಡುತ್ತಾಳಂತೆ. ಇನ್ನೊಬ್ಬ ಎರಡು ಸರ್ಟಿಫಿಕೇಟಿಗೆ ಒಂದೇ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿ, ಮಾವನ ಅಂಗಡಿಯಲ್ಲಿ ಕೂತಿದ್ದಾನಂತೆ. ಯಾರದು ಏನಾಗುತ್ತದೆ ಎಂದು ಮೊದಲೇ ಹೇಳಲು ಬರುವ ವಿಷಯ ಇದಲ್ಲ ಎಂದರು. ಆಮೇಲೆ ಸೀಮೆಸುಣ್ಣವನ್ನು ಕೈಗೆತ್ತಿಕೊಂಡು, ತಾವು ಹೋದ ತಿಂಗಳಿನಿಂದ ಡ್ರೈವಿಂಗ್ ಕಲಿಯುತ್ತಿರುವುದಾಗಿ ಹೇಳಿದರು. ಈ ವಯಸ್ಸಿನಲ್ಲಿ ನಗೆಪಾಟಲಾಗುವುದು ಬೇಡವೆಂದು ಯಾರಿಗೂ ಹೇಳಿರಲಿಲ್ಲವಂತೆ. ಊರಿನಲ್ಲಿ ಕಲಿಸುವವರು ಎಷ್ಟೋ ಜನರಿದ್ದಾರೆ. ಆದರೆ ಮೇಡಂ ಮುಖ ನೋಡಿದಾಗ ಯಾರ ಕಾರು ಎಂದು ಕೇಳುವ ಅಗತ್ಯ ಉಳಿದಿರಲಿಲ್ಲ.

"ದೊಡ್ಡ ಸರ್ಕಲ್ಲಿನಲ್ಲಿದ್ದೆ, ಎದುರಿಂದ ಬಸ್ಸು," ಎಂದರು ಮೇಡಂ. "ನಿಮ್ಮ ತಂದೆ ಹೇಳಿದ್ರು, 'ಮೇಡಂ, ನಿಮ್ಮ ಕ್ಲಾಸಲ್ಲೇ ಹೇಳಿದೀರಲ್ಲ, ಹೆದರಿಕೆ ಅಂದ್ರೆ ಇನ್ನೂ ಬಾರದ ತಿರುವನ್ನ ಈಗಲೇ ತಿರುಗಿಸೋದು ಅಂತ.' ನಾನು ಅಂಥದ್ದೇನೂ ಹೇಳಿಲ್ಲ. ಹೇಳೋಣ ಅಂದ್ರೆ ಎರಡೂ ಕೈ ಸ್ಟೀರಿಂಗ್ ಮೇಲಿತ್ತು."

ಅವಳು ಮೇಜಿನ ಮೇಲಿದ್ದ ರಬ್ಬರನ್ನು ನೋಡಿದಳು. ಆ ಮಾತು ಹೇಗಿದೆ ಎಂದು ಕೇಳಬೇಕೆಂಬ ಆಸೆ, ಆ ಅವಮಾನದ ನಡುವೆಯೂ, ನಾಲಿಗೆಯ ತುದಿಗೆ ಬಂದುದನ್ನು ಕಂಡು ತನ್ನ ಬಗ್ಗೆ ತನಗೇ ಹೇಸಿಗೆಯಾಯಿತು. ಕೇಳುವ ಮೊದಲೇ ಮೇಡಂ ಹೇಳಿದರು: ಚೆನ್ನಾಗಿದೆ, ಆದರೆ ಅದು ಲಾರಿಯ ಹಿಂದೆ ಬರೆಸುವ ಮಾತು. ಕೋಪವಿರಲಿಲ್ಲ ಅವರಲ್ಲಿ. ಕೋಪವಿದ್ದಿದ್ದರೆ ಅವಳು ಅಳಬಹುದಿತ್ತು. ಅಪ್ಪ ಒಂದೊಂದು ಪಾಠದಲ್ಲೂ ಹೊಸ ಮಾತನ್ನು ತಂದು, ಅದರ ಅರ್ಥ ತಾನು ತಿಳಿದದ್ದು ಸರಿಯೇ ಎಂದು ಕೇಳುತ್ತಾನಂತೆ. ಗಾಡಿ ಬದಿಗೆ ನಿಲ್ಲಿಸಿ, ಎಂಜಿನ್ ಆರಿಸಿ ಕೇಳುತ್ತಾನಂತೆ. ಇಷ್ಟು ದಿನ ಹೌದು ಎನ್ನುತ್ತ ಬಂದಿದ್ದೇನೆ, ಇನ್ನು ಆಗದು ಎಂದರು. "ನಾಳೆ ಬೆಳಿಗ್ಗೆ ನಂಗೆ ಪಾಠ ಇದೆ. ಅಷ್ಟರೊಳಗೆ ನೀನೇ ಹೇಳಿರ್ಬೇಕು. ಗಾಡಿ ಓಡಿಸ್ತಾ ಸುಳ್ಳು ಹೇಳೋದು ನನ್ನಿಂದಾಗಲ್ಲಮ್ಮ, ಒಂದು ಸಲಕ್ಕೆ ಒಂದೇ ಕೆಲಸ ನನಗೆ."

ಲ್ಯಾಬಿಗೆ ಮರಳಿ ಮೇಷ್ಟ್ರಿಗೆ, ಪ್ರಯೋಗಾಲಯದ ಕೆಲಸಕ್ಕೆ ಬರುತ್ತೇನೆ ಎಂದಳು. ಅವರು ತಲೆಯೆತ್ತದೆ, ಒಳ್ಳೇದು, ಆ ಕಪಾಟಿನ ಬೀಗ ಹಾಕು ಎಂದರು. ಇಷ್ಟು ದಿನ ಹಿಡಿದಿಟ್ಟ ಉಸಿರು ಈಗ ಬಿಡುಗಡೆಯಾಗುತ್ತದೆ ಎಂದು ಕಾದಳು, ಆಗಲಿಲ್ಲ. ಕಾಲೇಜಿನ ಗೇಟಿನ ಬಳಿ ಬಿಳಿ ಕಾರು ನಿಂತಿತ್ತು. ಎರಡು ಪಾಠಗಳ ನಡುವೆ ಬಿಡುವಾದರೆ ಅಪ್ಪ ಹೀಗೆ ಬಂದು ಕರೆದೊಯ್ಯುತ್ತಾನೆ. ಮುಂದಿನವರನ್ನು ಬ್ಯಾಂಕಿನ ಎದುರಿಗೆ ಹತ್ತಿಸಿಕೊಳ್ಳಬೇಕು, ಅಲ್ಲಿಯವರೆಗೆ ನೀನೇ ಓಡಿಸು ಎಂದು ಪಕ್ಕದ ಸೀಟಿಗೆ ಸರಿದ. ಅವಳಿಗೆ ಲೈಸೆನ್ಸು ಬಂದು ಬಹಳ ದಿನವಾಗಿದ್ದರೂ ಅಪ್ಪ ಪಕ್ಕದಲ್ಲಿದ್ದಾಗ ಅವಳು ಕಲಿಯುವವಳೇ. ಕನ್ನಡಿ ಸರಿಮಾಡಿಕೊಂಡಳು. ಸೀಟು ಮುಂದೆಳೆದುಕೊಂಡಳು. ಕಾರು ಹೊರಟು, ಆಸ್ಪತ್ರೆಯ ಗೋಡೆ ದಾಟಿ, ಎರಡನೇ ಗೇರಿನಿಂದ ಮೂರಕ್ಕೆ ಹೋಗುವಷ್ಟರಲ್ಲಿ ಅಪ್ಪ ಕೇಳಿದ, ಏನಂದ್ರು ಇವತ್ತು?

"ನಾನು ಫಿಲಾಸಫಿ ಬಿಟ್ಟೆ ಅಪ್ಪ," ಎಂದಳು.

ಅಪ್ಪ ಮುಂದಿನ ರಸ್ತೆಯನ್ನೇ ನೋಡುತ್ತಿದ್ದ. ಸೈಕಲ್ಲಿನವನೊಬ್ಬ ಅಡ್ಡ ಬಂದ, ಅವಳು ನಿಧಾನಿಸಿದಳು, ಅವನು ಹೋದ. ಪ್ರಯೋಗಾಲಯದ ವಿಷಯ ಹೇಳಿದಳು, ಮಧ್ಯಾಹ್ನಗಳ ವಿಷಯ ಹೇಳಿದಳು. ಮಾತು ಮುಗಿದಾಗ ಅಪ್ಪ ಬದಿಗೆ ನಿಲ್ಲಿಸು ಎಂದ. ಬೀಗ ಹಾಕಿದ ಪೀಠೋಪಕರಣದ ಅಂಗಡಿಯ ಮುಂದೆ ನಿಲ್ಲಿಸಿದಳು. ನಾನು ಅವತ್ತು ಆಡಿದ ಮಾತು ಇನ್ನೂ ಮನಸ್ಸಲ್ಲಿ ಇಟ್ಕೊಂಡಿದೀಯಾ ಎಂದು ಅವನು ಕೇಳಿದ. ಹೊಟ್ಟೆಗೆ ಹಿಟ್ಟು, ಜುಟ್ಟಿಗೆ ಮಲ್ಲಿಗೆ, ಆ ಮಾತು. ಸಂಬಳದ ಚಿಂತೆ ನಿನಗೆ ಬೇಡ, ನನ್ನ ಕಾಲು ಇನ್ನೂ ಗಟ್ಟಿಯಿದೆ ಎಂದ. ನೀರು ಪರೀಕ್ಷೆ ಯಾರು ಬೇಕಾದರೂ ಮಾಡಲಿ, ನಾಳೆ ಬೆಳಿಗ್ಗೆ ಮೇಡಂ ಬರುತ್ತಾರೆ, ನಾನೇ ಕೈ ಮುಗಿದು ಕೇಳುತ್ತೇನೆ, ಮತ್ತೆ ಸೇರಿಸಿಕೊಳ್ಳುತ್ತಾರೆ ಎಂದ. ಅವಳು ಬೇಡ ಎಂದಳು. ನನಗೋಸ್ಕರ ನಿನಗೆ ಬೇಕಾದ್ದನ್ನ ಬಿಡಬೇಡ ಮಗಳೇ ಎನ್ನುತ್ತ ಅವನು ಅವಳ ತಲೆಯ ಮೇಲೆ ಕೈಯಿಟ್ಟ. ಅವಳು ಚಿಕ್ಕವಳಿದ್ದಾಗಿನಿಂದ ಅವನು ಹಾಗೆ ಕೈಯಿಟ್ಟಿರಲಿಲ್ಲ. ಆ ಕೈಯ ಕೆಳಗೆ ಅವಳು ತ್ಯಾಗಮಯಿಯಾಗಿ ಬೆಳೆಯುತ್ತಿದ್ದಳು. ಸುಮ್ಮನಿದ್ದುಬಿಟ್ಟರೆ ಸಾಕಿತ್ತು: ಫಿಲಾಸಫಿ ಬಿಟ್ಟಂತೆಯೂ ಆಗುತ್ತಿತ್ತು, ಅಪ್ಪನ ಕಣ್ಣಲ್ಲಿ ದೊಡ್ಡವಳೂ ಆಗುತ್ತಿದ್ದಳು. ಆ ಕೈ ತಪ್ಪಿಸಿಕೊಳ್ಳದೆ ಕೂತ ಒಂದೊಂದು ಕ್ಷಣವೂ ಇನ್ನೊಂದು ಸುಳ್ಳಿನೊಳಗೆ ಅವಳನ್ನು ಕೂರಿಸುತ್ತಿತ್ತು.

"ನಿನಗೋಸ್ಕರ ಅಲ್ಲ," ಎಂದಳು. "ನಂಗೆ ಅದು ಇಷ್ಟ ಇಲ್ಲ. ನಾನು ಆ ಕ್ಲಾಸಿಗೆ ಹೋಗಿ ಎಷ್ಟೋ ದಿನ ಆಯ್ತು. ನಿಂಗೆ ಹೇಳ್ತಿದ್ದದ್ದೆಲ್ಲ ನಾನೇ ಕಟ್ಟಿದ್ದು. ನಂಗೆ ಕೆಮಿಸ್ಟ್ರಿನೇ ಇಷ್ಟ ಅಪ್ಪ, ಮೊದಲಿಂದ್ಲೂ."

ಕೈ ತಲೆಯಿಂದ ಇಳಿಯಿತು. ಈಗ ಅವನು ಬೈಯುತ್ತಾನೆ, ಇಲ್ಲವೇ ಗೆದ್ದವನಂತೆ ನಗುತ್ತಾನೆ, ಹೇಳಿರ್ಲಿಲ್ವಾ ನಾನು ಎನ್ನುತ್ತಾನೆ ಎಂದು ಅವಳು ಸ್ಟೀರಿಂಗ್ ಹಿಡಿದು ಕಾದಳು. ಎರಡಕ್ಕೂ ಅವಳು ಸಿದ್ಧಳಾಗಿದ್ದಳು. ಅಪ್ಪ ತನ್ನ ಮಂಡಿಗಳನ್ನು ನೋಡಿಕೊಳ್ಳುತ್ತಿದ್ದ. ಮುಖ ಇದ್ದಕ್ಕಿದ್ದಂತೆ ವಯಸ್ಸಾದವನದಾಗಿತ್ತು.

"ಹಾಗಾದ್ರೆ ನಾನು ಹೇಳಿದ್ದೇ ಸರಿ ಅಂತಾಯ್ತು," ಎಂದ.

ಆ ಮಾತಿನಲ್ಲಿ ಗೆಲುವಿರಲಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ, ಫಿಲಾಸಫಿಯ ವಿಷಯದಲ್ಲಿ, ಅಪ್ಪ ತಾನು ತಪ್ಪು ಎಂದು ಒಪ್ಪಿಕೊಂಡಿದ್ದ, ಒಪ್ಪಿಕೊಂಡು ಸುಖಪಟ್ಟಿದ್ದ. ಅದನ್ನು ತಾನು ಈಗ ಕಿತ್ತುಕೊಂಡೆ ಎಂಬುದು ಅವಳಿಗೆ ಹೊಳೆಯಿತು. ಕ್ಷಮಿಸು ಎನ್ನಬೇಕೆನಿಸಿತು, ಯಾವುದಕ್ಕೆ ಎಂದು ತಿಳಿಯಲಿಲ್ಲ. ಬ್ಯಾಂಕಿನವರು ಕಾಯ್ತಿರ್ತಾರೆ, ನಡಿ ಎಂದ ಅಪ್ಪ.

ಬ್ಯಾಂಕಿನ ಎದುರು ಹೆಗಲಿಗೆ ಚೀಲ ಹಾಕಿಕೊಂಡ ಕ್ಯಾಷಿಯರ್ ಹೆಂಗಸು ನಿಂತಿದ್ದಳು. ಮಗಳು ಇಳಿದು ಜಾಗ ಬಿಟ್ಟುಕೊಟ್ಟು ಹಿಂದಿನ ಸೀಟಿನಲ್ಲಿ ಕೂತಳು. ಕ್ಯಾಷಿಯರ್ ಕನ್ನಡಿಯನ್ನು ತನ್ನ ಎತ್ತರಕ್ಕೆ ತಿರುಗಿಸಿಕೊಂಡು, ಕ್ಲಚ್ಚು ಯಾವುದೆಂದು ಒಮ್ಮೆ ಕೆಳಗೆ ನೋಡಿ, ಗಾಡಿ ಹೊರಡಿಸಿದಳು. ಗಾಡಿ ಒಮ್ಮೆ ಮುಗ್ಗರಿಸಿ ಸರಿಯಾಯಿತು. ಕಚೇರಿ ಬಿಟ್ಟ ಹೊತ್ತು, ರಸ್ತೆಯ ತುಂಬ ಜನ. ಅಪ್ಪ ನಿಧಾನ, ನಿಧಾನ ಎನ್ನುತ್ತಿದ್ದ, ಅದೇ ಎಂದಿನ ದನಿಯಲ್ಲಿ. ದಾರಿ ಸ್ವಲ್ಪ ತಿಳಿಯಾದ ಮೇಲೆ ಕ್ಯಾಷಿಯರ್ ಧೈರ್ಯ ಮಾಡಿ ಕನ್ನಡಿಯಲ್ಲಿ ಹಿಂದೆ ನೋಡಿದಳು.

"ಇವರೇನಾ ಸರ್, ನೀವು ಹೇಳ್ತಿದ್ರಲ್ಲ, ಎರಡು ವಿಷಯ ಓದ್ತಿರೋ ನಿಮ್ಮ ಮಗಳು?"

ಅಪ್ಪ ತಿರುಗಲಿಲ್ಲ. ಕಿಟಕಿಯ ಕಡೆ ನೋಡಿದ, ಮತ್ತೆ ರಸ್ತೆಯ ಕಡೆ ನೋಡಿದ.

"ಹೌದು," ಎಂದ. "ಎರಡೂ."

ನನಗೂ ಇಬ್ಬರು ಮಕ್ಕಳಿದ್ದಾರೆ, ಒಂದೊಂದು ವಿಷಯ ಓದಿಸುವಷ್ಟರಲ್ಲೇ ಸಾಕಾಗುತ್ತದೆ ಎಂದು ಕ್ಯಾಷಿಯರ್ ನಕ್ಕಳು. ಕಷ್ಟ ಆಗಲ್ವಾ ನಿಮಗೆ ಎಂದು ಕನ್ನಡಿಯೊಳಗಿಂದ ಕೇಳಿದಳು. ಅಪ್ಪನ ಕುತ್ತಿಗೆಯ ಹಿಂಭಾಗ ಅವಳಿಗೆ ಕಾಣುತ್ತಿತ್ತು, ಕ್ಷೌರ ಮಾಡಿಸಿದ ಗೆರೆ, ಅದರ ಕೆಳಗೆ ಕಾಲರು. ಅದು ಅಲುಗದೆ ಕಾಯುತ್ತಿತ್ತು. ಅವಳು ಇಲ್ಲ ಎಂದಳು, ಅಭ್ಯಾಸವಾಗಿದೆ ಎಂದಳು. ಕಾರು ಮನೆಯ ತಿರುವನ್ನು ದಾಟಿ ಮುಂದೆ ಹೋಯಿತು, ಪಾಠ ಇನ್ನೂ ಮುಗಿದಿರಲಿಲ್ಲ.